ಹೆಸರು, ಹುದ್ದೆ, ಸ್ಥಾನ: ಚಲನಚಿತ್ರದ ಶ್ರೇಯೋನಾಮಾವಳಿ

ಚಲನಚಿತ್ರದ ಆರಂಭದಲ್ಲಿಯೋ ಅಂತ್ಯದಲ್ಲಿಯೋ ತೆರೆಯ ಮೇಲೆ ಸಾಗಿಹೋಗುವ ಹೆಸರುಗಳ ಸಾಲಿಗೆ ಮರಾಠಿಯಲ್ಲಿ ‘ಶ್ರೇಯನಾಮಾವಲಿ’ ಎಂಬ ಪದವಿದೆ. ಕನ್ನಡದಲ್ಲಿ ಇದಕ್ಕೆ ನೆಲೆಗೊಂಡ ಪದವಿಲ್ಲ. ‘ಟೈಟಲ್ ಕಾರ್ಡ್’ ಎನ್ನುವುದೇ ರೂಢಿ. ‘ಟೈಟಲ್ ಕಾರ್ಡ್’ ಎಂದಾಗ ಕಣ್ಣಿಗೆ ಬರುವುದು ಅಕ್ಷರ ತುಂಬಿದ ಫಲಕ ಮಾತ್ರ. ಮರಾಠಿಯ ಪದ ಆ ಫಲಕ ಮಾಡುವ ಕೆಲಸವನ್ನೇ ಹೇಳುತ್ತದೆ: ಯಾವ ಕೆಲಸದ ಶ್ರೇಯಸ್ಸು ಯಾರಿಗೆ ಸಲ್ಲತಕ್ಕದ್ದು ಎಂಬ ನಿರ್ಣಯವನ್ನು. ಸಂಧಿನಿಯಮಕ್ಕೆ ಒಗ್ಗಿಸಿ ‘ಶ್ರೇಯೋನಾಮಾವಳಿ’ ಎಂದು ಅದನ್ನು ಕನ್ನಡಕ್ಕೆ ತಂದುಕೊಳ್ಳುವುದರಲ್ಲಿ ನಷ್ಟವೇನೂ ಇಲ್ಲ.

ಪದ ಎರವಲಿನದಾದರೂ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಕನ್ನಡ ಶಾಸನಗಳು ಕಟ್ಟಿಸಿದವರ ಹೆಸರಿನೊಡನೆ ಕಟ್ಟಿದವರ ಹೆಸರನ್ನೂ ಹೇಳುತ್ತವೆ. ಗುಂಡ ಅನಿವಾರಿತಾಚಾರಿ ಮತ್ತು ಸರ್ವಸಿದ್ಧಿ ಆಚಾರಿ ಎಂಬ ಹೆಸರುಗಳು ಅಲ್ಲಿವೆ. ‘ಸೂತ್ರಧಾರಿ’ ಎಂಬ ವೃತ್ತಿನಾಮವೂ ಇದೆ. ಶಾಸನಗಳನ್ನು ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದರ ಮುಂದಿನ ಹಂತವೂ ಪರಿಚಿತ: ಪಾಠವನ್ನು ರಚಿಸಿದ ಕವಿ, ಅದನ್ನು ಬರೆದ ಲಿಪಿಕಾರ, ಕಲ್ಲಿನಲ್ಲಿ ಕಂಡರಿಸಿದ ರೂವಾರಿ, ಇವರನ್ನು ಅನೇಕ ಶಾಸನಗಳು ಕೊನೆಯಲ್ಲಿ ಬೇರೆಬೇರೆಯಾಗಿ ಹೆಸರಿಸುತ್ತವೆ. ಒಂದೇ ಕೃತಿಯಲ್ಲಿ ಮೂರು ಕೆಲಸ, ಮೂರು ಹೆಸರು. ಚಲನಚಿತ್ರ ಈ ಲೆಕ್ಕವನ್ನು ನೂರಾರು ಕೆಲಸಗಳಿಗೆ ವಿಸ್ತರಿಸಿತು. ಆ ವಿಸ್ತಾರದಲ್ಲಿ ಲೆಕ್ಕ ತಪ್ಪುವ ಅವಕಾಶವನ್ನೂ ಹೆಚ್ಚಿಸಿತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದು ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ, ಮರಾಠಿ ಚಿತ್ರೋದ್ಯಮದ ಅಂಗಳದಲ್ಲಿ. ನಿರ್ದೇಶಕ ವೈ.ವಿ. ರಾವ್, ನಿರ್ಮಾಪಕ ಚಮನ್‌ಲಾಲ್ ಡುಂಗಾಜಿ, ಸಾಹಿತ್ಯ ಒದಗಿಸಿದ ಬೆಳ್ಳಾವೆ ನರಹರಿ ಶಾಸ್ತ್ರಿ, ನಟರಾದ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾವ್ ಇವರ ಹೆಸರುಗಳನ್ನು ಚರಿತ್ರಕಾರರು ತಪ್ಪದೆ ಹೇಳುತ್ತಾರೆ. ಚಿತ್ರದ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಅಂದಿನ ಹಲವು ಚಿತ್ರಗಳ ಸ್ಥಿತಿ ಇದೇ: ಚಿತ್ರ ಅಳಿದ ಮೇಲೆ ಅದರ ಬಗ್ಗೆ ಉಳಿಯುವುದು ಜಾಹೀರಾತಿನಲ್ಲಿ, ಹಾಡಿನ ಪುಸ್ತಕದಲ್ಲಿ ಅಚ್ಚಾದ ಹೆಸರುಗಳು. ಅಲ್ಲಿ ಅಚ್ಚಾಗದವರು ದುಡಿದೇ ಇರಲಿಲ್ಲವೇನೋ ಎಂಬಂತೆ ಮರೆಯಾಗುತ್ತಾರೆ.

ಶ್ರೇಯೋನಾಮಾವಳಿಯ ಪ್ರತಿಯೊಂದು ನಮೂದಿನಲ್ಲಿಯೂ ಮೂರು ಅಂಶಗಳಿರುತ್ತವೆ: ವ್ಯಕ್ತಿಯ ಹೆಸರು, ಅದಕ್ಕೆ ಅಂಟಿದ ಕೆಲಸದ ಹೆಸರು, ಮತ್ತು ಅವೆರಡೂ ಕಾಣಿಸಿಕೊಳ್ಳುವ ಸ್ಥಾನ. ಸಾಮಾನ್ಯ ಚರ್ಚೆಯೆಲ್ಲ ಮೊದಲನೆಯದರ ಸುತ್ತ, ಹೆಸರು ಬಂತೋ ಇಲ್ಲವೋ ಎಂಬುದರ ಸುತ್ತ ಸುತ್ತುತ್ತದೆ. ಆದರೆ ಹೆಸರು ಬಂದೂ ಶ್ರೇಯಸ್ಸು ತಪ್ಪಬಹುದು. ಕೆಲಸದ ಹೆಸರು ತಪ್ಪಾದರೆ ವ್ಯಕ್ತಿಯ ಹೆಸರು ಇದ್ದೂ ಇಲ್ಲದಂತೆಯೇ. ಕನ್ನಡದ ಟೈಟಲ್ ಕಾರ್ಡುಗಳ ವ್ಯಾಕರಣವನ್ನೇ ಗಮನಿಸಬಹುದು. ವಿಭಾಗದ ಮುಖ್ಯಸ್ಥರಿಗೆ ಸಾಮಾನ್ಯವಾಗಿ ಭಾವನಾಮ ಸಲ್ಲುತ್ತದೆ: ಛಾಯಾಗ್ರಹಣ, ಸಂಕಲನ, ಸಂಭಾಷಣೆ, ಪ್ರಸಾಧನ. ಕೈಕೆಳಗಿನವರಿಗೆ ಸಲ್ಲುವುದು ಕರ್ತೃವಾಚಕದ ಬಹುವಚನ: ಸಹಾಯಕರು. ಮೊದಲನೆಯವರು ಆ ಕಲೆಯೇ ತಾವಾಗಿ ನಿಲ್ಲುತ್ತಾರೆ, ಎರಡನೆಯವರು ಗುಂಪಾಗಿ ನಿಲ್ಲುತ್ತಾರೆ. ‘ಸಹ ನಿರ್ದೇಶಕ’ ಮತ್ತು ‘ಸಹಾಯಕ ನಿರ್ದೇಶಕ’ ಎಂಬೆರಡರ ನಡುವಿನ ಅಂತರ ಎರಡಕ್ಷರದ್ದು. ಮುಂದಿನ ಚಿತ್ರದಲ್ಲಿ ಸಿಗುವ ಸಂಬಳದಲ್ಲಿ ಆ ಅಂತರ ದೊಡ್ಡದು. ಚಿತ್ರರಂಗದಲ್ಲಿ ಅರ್ಜಿ, ಅಂಕಪಟ್ಟಿ, ಸೇವಾ ಪ್ರಮಾಣಪತ್ರಗಳ ವ್ಯವಹಾರ ಕಡಿಮೆ. ‘ಹಿಂದೆ ಏನು ಮಾಡಿದ್ದೀರಿ’ ಎಂಬ ಪ್ರಶ್ನೆಗೆ ತೆರೆಯ ಮೇಲಿನ ಆ ಒಂದು ಸಾಲೇ ಉತ್ತರ.

ಹೆಸರೇ ಇಲ್ಲದ ಕಾಲವೂ ಒಂದಿತ್ತು. 1949ರ ‘ಮಹಲ್’ ಚಿತ್ರದಲ್ಲಿ ಮಧುಬಾಲಾ ಅಭಿನಯಿಸಿದ ಪಾತ್ರದ ಹೆಸರು ಕಾಮಿನಿ. ಆ ಪಾತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದ ಹಾಡು ಧ್ವನಿಮುದ್ರಿಕೆಯಾಗಿ ಹೊರಬಂದಾಗ ಗಾಯಕಿಯ ಹೆಸರಿನ ಜಾಗದಲ್ಲಿ ಅಚ್ಚಾದದ್ದು ‘ಕಾಮಿನಿ’ ಎಂದೇ. ಹಾಡುವುದು ಪಾತ್ರ, ದನಿ ಅದರ ನೆರಳು ಎಂಬ ಭ್ರಮೆಯನ್ನು ಉಳಿಸಿಕೊಳ್ಳುವುದು ಅಂದಿನ ವ್ಯಾಪಾರಕ್ಕೆ ಅನುಕೂಲವಾಗಿತ್ತು. ರೇಡಿಯೋ ಶ್ರೋತೃಗಳು ಹಾಡಿದವರಾರೆಂದು ಕೇಳತೊಡಗಿದ ಮೇಲೆಯೇ ನಿಜವಾದ ಹೆಸರು ಪ್ರಕಟವಾಯಿತು ಎಂಬುದು ಪ್ರಸಿದ್ಧ ಸಂಗತಿ. ಹೆಸರು ಸಿಕ್ಕಿದ ಮೇಲೂ ಆ ಕೆಲಸವನ್ನು ಸ್ವತಂತ್ರ ಕಲೆಯೆಂದು ಒಪ್ಪಿಸಲು ಇನ್ನೊಂದು ದಶಕ ಹಿಡಿಯಿತು. ‘ಚೋರಿ ಚೋರಿ’ಯ ಸಂಗೀತಕ್ಕಾಗಿ ಶಂಕರ್–ಜೈಕಿಶನ್ ಜೋಡಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಾಗ ಅದರ ಹಾಡನ್ನು ಸಮಾರಂಭದಲ್ಲಿ ಹಾಡಲು ಲತಾ ಒಪ್ಪಲಿಲ್ಲ, ಪ್ರಶಸ್ತಿ ಸಂಗೀತ ನಿರ್ದೇಶನಕ್ಕೆ ಮಾತ್ರವಿದ್ದು ಗಾಯನಕ್ಕೆ ಇರಲಿಲ್ಲ ಎಂಬುದು ಅವರ ಆಕ್ಷೇಪ. ಹಿನ್ನೆಲೆ ಗಾಯನದ ಪ್ರಶಸ್ತಿ 1959ರಲ್ಲಿ ಆರಂಭವಾಗಿ, ಮೊದಲನೆಯದು ‘ಮಧುಮತಿ’ಯ ಹಾಡಿಗಾಗಿ ಅವರಿಗೇ ಸಂದಿತು.

ಗಾಯಕಿಯ ಹೋರಾಟ ಹೆಸರಿಗಾಗಿ. ಆಕೆಯ ಹಿಂದೆ ಪಿಟೀಲು ಹಿಡಿದು ಕುಳಿತವರ ಕಥೆ ಬೇರೆಯದು, ಹೆಚ್ಚು ಸೂಕ್ಷ್ಮವಾದದ್ದು. ಹಿಂದಿ ಚಿತ್ರಗೀತೆಗಳ ಆ ಸುವರ್ಣಯುಗದಲ್ಲಿ ಸಂಗೀತ ನಿರ್ದೇಶಕರು ಮಟ್ಟು ಹಾಕುತ್ತಿದ್ದರು. ಆ ಮಟ್ಟಿಗೆ ಎಷ್ಟು ಪಿಟೀಲು, ಎಲ್ಲಿ ಕೊಳಲು, ಚರಣಗಳ ನಡುವಿನ ವಾದ್ಯಖಂಡದಲ್ಲಿ ಯಾವ ವಾದ್ಯ ಯಾವುದಕ್ಕೆ ಉತ್ತರ ಕೊಡಬೇಕು ಎಂಬುದನ್ನು ಯೋಚಿಸಿ, ಪ್ರತಿ ವಾದ್ಯಗಾರನಿಗೂ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಹಾಳೆ ಬರೆದುಕೊಡುವವರು ಬೇರೆ. ಅವರನ್ನು ‘ಅರೇಂಜರ್’ ಎನ್ನುತ್ತಾರೆ. ಸ್ವರಲಿಪಿಯನ್ನು ಬಲ್ಲವರು ಹೆಚ್ಚಾಗಿ ಗೋವೆಯವರೇ. ಅಲ್ಲಿಯ ಚರ್ಚುಗಳ ಆಶ್ರಯದ ಶಾಲೆಗಳಲ್ಲಿ ಸಂಗೀತದ ಓದುಬರಹ ಕಲಿತು ಮುಂಬಯಿಗೆ ಬಂದವರು. ಅವರಲ್ಲೊಬ್ಬರು ಸೆಬಾಸ್ಟಿಯನ್ ಡಿಸೋಜಾ. ಶಂಕರ್–ಜೈಕಿಶನ್ ಚಿತ್ರಗಳ ಹೆಸರುಪಟ್ಟಿಯಲ್ಲಿ ಅವರು ಕಾಣಸಿಗುತ್ತಾರೆ, ತಾಳವಾದ್ಯದ ಹೊಣೆ ಹೊತ್ತ ದತ್ತಾರಾಂ ಅವರ ಜೊತೆಯಲ್ಲಿ. ಆದರೆ ಕೆಲಸದ ಹೆಸರು ‘ಸಹಾಯಕರು’. ನೂರು ಮಂದಿಯ ವಾದ್ಯವೃಂದಕ್ಕೆ ಸ್ವರಸಂಯೋಜನೆ ಬರೆದವರಿಗೂ ನಿರ್ದೇಶಕರ ಹಾರ್ಮೋನಿಯಂ ಪೆಟ್ಟಿಗೆ ಎತ್ತಿಟ್ಟವರಿಗೂ ಆ ಪದ ಒಂದೇ. ಹೆಸರಿದೆ, ಆದ್ದರಿಂದ ಅನ್ಯಾಯವಾಯಿತೆನ್ನಲು ಬಾಯಿಲ್ಲ. ಕೆಲಸದ ಹೆಸರಿಲ್ಲ, ಆದ್ದರಿಂದ ಏನು ಮಾಡಿದರೆಂದು ತಿಳಿಯುವಂತಿಲ್ಲ.

ಗೋವೆಯ ಮಜೋರ್ಡಾ ಗ್ರಾಮದ ಆಂಥನಿ ಗೊನ್ಸಾಲ್ವಿಸ್ ಅವರದು ಇನ್ನೂ ವಿಚಿತ್ರವಾದ ಪ್ರಸಂಗ. ಪಿಟೀಲುವಾದಕರಾಗಿ, ಅರೇಂಜರ್ ಆಗಿ ದುಡಿದ ಅವರ ಬಳಿ ಪಿಟೀಲು ಕಲಿತವರಲ್ಲಿ ಮುಂದೆ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಒಬ್ಬರು. 1977ರ ‘ಅಮರ್ ಅಕ್ಬರ್ ಆಂಥನಿ’ಯಲ್ಲಿ ಅಮಿತಾಭ್ ಬಚ್ಚನ್ ಪಾತ್ರಕ್ಕೆ ಗೊನ್ಸಾಲ್ವಿಸ್ ಎಂಬ ಮನೆತನದ ಹೆಸರು ಬಂದದ್ದು ಈ ಗುರುವಿಗೆ ಶಿಷ್ಯ ಸಲ್ಲಿಸಿದ ಗೌರವವಾಗಿ. ಇಡೀ ದೇಶ ಆ ಹೆಸರನ್ನು ಹಾಡಿನಲ್ಲಿ ಕೇಳಿತು. ಅದು ಒಬ್ಬ ನಿಜವಾದ ಪಿಟೀಲುವಾದಕನ ಹೆಸರೆಂದು ತಿಳಿದವರು ಎಷ್ಟು ಮಂದಿ?

ಕನ್ನಡ ಚಿತ್ರಸಂಗೀತದಲ್ಲಿಯೂ ‘ಸಹಾಯಕ’ ಎಂಬ ಪದದ ಹಿಂದೆ ದೊಡ್ಡ ಪ್ರತಿಭೆಗಳು ಕುಳಿತಿದ್ದುಂಟು. 1976ರ ತಮಿಳು ಚಿತ್ರ ‘ಅನ್ನಕ್ಕಿಳಿ’ಯಿಂದ ಸ್ವತಂತ್ರ ಸಂಗೀತ ನಿರ್ದೇಶಕರಾದ ಇಳಯರಾಜ ಅದಕ್ಕೆ ಮುನ್ನ ಜಿ.ಕೆ. ವೆಂಕಟೇಶರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಕನ್ನಡ ಚಿತ್ರಗಳಲ್ಲಿ ಪಳಗಿದವರು. ಅದು ಕಲಿಕೆಯ ಹಂತವಾಗಿದ್ದರೆ ದೂರಬೇಕಾದ್ದೇನೂ ಇಲ್ಲ. ಜೀವನವಿಡೀ ಅದೇ ಪದದಡಿ ಉಳಿದುಹೋದವರ ಮಾತು ಬೇರೆ.

ಕೆಲಸದ ಹೆಸರು ಎಷ್ಟು ಮಹತ್ತ್ವದ್ದೆಂಬುದನ್ನು ನ್ಯಾಯಾಲಯವೂ ಗುರುತಿಸಿದೆ. 2006ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಗಾಯಕಿ ನೇಹಾ ಭಸೀನ್ ಅವರ ದಾವೆ ಬಂದಿತು. ‘ಆರ್ಯನ್’ ಎಂಬ ಹಿಂದಿ ಚಿತ್ರದ ಹಾಡೊಂದರಲ್ಲಿ ಅವರ ಹೆಸರನ್ನು ಬಿಟ್ಟಿರಲಿಲ್ಲ. ಮುಖ್ಯ ಗಾಯಕಿಯೆಂದು ಹೇಳದೆ ಹಿನ್ನೆಲೆಯ ಪೂರಕ ದನಿಯೆಂದು ನಮೂದಿಸಲಾಗಿತ್ತು. ಧ್ವನಿಮುದ್ರಣದ ಆವೃತ್ತಿಗಳನ್ನು ಕೇಳಿ ಹೋಲಿಸಿದ ನ್ಯಾಯಾಲಯ ಅವರ ಪರವಾಗಿ ಮಧ್ಯಂತರ ಆದೇಶ ನೀಡಿತು. ಹೆಸರು ಇದ್ದೂ ಶ್ರೇಯಸ್ಸು ತಪ್ಪಬಹುದೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಹುಡುಕುವುದು ಕಷ್ಟ.

ಪ್ರಶಸ್ತಿ ಕೊಡುವವರಿಗೂ ಕೆಲಸದ ಹೆಸರು ತೊಡಕಾಗುತ್ತದೆ. 2022ರಲ್ಲಿ ಪ್ರಕಟವಾದ 68ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ‘ಡೊಳ್ಳು’ ಚಿತ್ರಕ್ಕೆ ಚಿತ್ರೀಕರಣ ಸ್ಥಳದ ಧ್ವನಿಗ್ರಹಣದ ಪ್ರಶಸ್ತಿ ಘೋಷಿತವಾಯಿತು. ನಟರು ಆಡಿದ ಮಾತನ್ನು ಆ ಸ್ಥಳದಲ್ಲಿಯೇ, ಆ ಕ್ಷಣದಲ್ಲಿಯೇ ಮುದ್ರಿಸಿಕೊಂಡು ಬಳಸುವ ಚಿತ್ರಗಳಿಗೆ ಮೀಸಲಾದ ವಿಭಾಗವದು. ಡೊಳ್ಳು ಹಾಗೆ ತಯಾರಾದ ಚಿತ್ರವಲ್ಲ, ಅದರ ಮಾತುಗಳನ್ನು ಬಳಿಕ ಸ್ಟುಡಿಯೋದಲ್ಲಿ ಡಬ್ ಮಾಡಲಾಗಿದೆ ಎಂದು ಧ್ವನಿತಜ್ಞ ರಸೂಲ್ ಪೂಕುಟ್ಟಿ ಬಹಿರಂಗವಾಗಿ ಆಕ್ಷೇಪಿಸಿದರು. ಚಿತ್ರದ ಧ್ವನಿವಿನ್ಯಾಸಕಾರ ನಿತಿನ್ ಲೂಕೋಸ್ ಅವರೂ ಅದನ್ನೇ ಹೇಳಿದರು. ಧ್ವನಿಗ್ರಹಣ, ಧ್ವನಿವಿನ್ಯಾಸ, ಧ್ವನಿಮಿಶ್ರಣ ಇವು ಮೂರು ಕೆಲಸಗಳು, ಹಲವು ಬಾರಿ ಮೂವರು ವ್ಯಕ್ತಿಗಳು. ಹೊರಗಿನವರಿಗೆ ಮೂರೂ ‘ಸೌಂಡ್’.

ದನಿಯ ವಿಷಯದಲ್ಲಿ ಮಲಯಾಳದ ಒಂದು ಪ್ರಸಂಗವನ್ನು ಬಿಡುವಂತಿಲ್ಲ. ಕನ್ನಡದಲ್ಲಿ ‘ಆಪ್ತಮಿತ್ರ’ವಾಗಿ ಬಂದ ಕಥೆಯ ಮೂಲ, 1993ರ ‘ಮಣಿಚಿತ್ರತ್ತಾಳ್’. ಅದರಲ್ಲಿ ಶೋಭನಾ ಅವರ ಪಾತ್ರ ಗಂಗೆಯಾಗಿ ಮಲಯಾಳ ಆಡುತ್ತದೆ, ನಾಗವಲ್ಲಿಯಾಗಿ ತಮಿಳು ಆಡುತ್ತದೆ. ಎರಡೂ ದನಿ ಖ್ಯಾತ ಕಂಠದಾನ ಕಲಾವಿದೆ ಭಾಗ್ಯಲಕ್ಷ್ಮಿ ಅವರದೆಂದೇ ಪ್ರೇಕ್ಷಕರು ಎರಡು ದಶಕಗಳಿಗೂ ಹೆಚ್ಚು ಕಾಲ ನಂಬಿದ್ದರು. ನಾಗವಲ್ಲಿಯ ಮಾತುಗಳು ದುರ್ಗಾ ಎಂಬ ತಮಿಳು ಕಲಾವಿದೆಯವು ಎಂದು ನಿರ್ದೇಶಕ ಫಾಸಿಲ್ ಬರೆದು ತಿಳಿಸಿದ ಮೇಲೆಯೇ ಲೋಕಕ್ಕೆ ಗೊತ್ತಾದದ್ದು. ಇಲ್ಲಿ ಯಾರ ದುರುದ್ದೇಶವನ್ನೂ ಊಹಿಸಬೇಕಾಗಿಲ್ಲ. ಪಟ್ಟಿಯಲ್ಲಿ ಇಲ್ಲದವರ ಕೆಲಸ ತಾನಾಗಿಯೇ ಪಟ್ಟಿಯಲ್ಲಿ ಇರುವವರ ಖಾತೆಗೆ ಜಮೆಯಾಗುತ್ತದೆ, ಅಷ್ಟೆ.

ಇನ್ನು ಸ್ಥಾನದ ಮಾತು. 1973ರ ‘ಜಂಜೀರ್’ ಬಿಡುಗಡೆಯ ಕಾಲಕ್ಕೆ ಮುಂಬಯಿಯ ಭಿತ್ತಿಪತ್ರಗಳಲ್ಲಿ ಲೇಖಕರ ಹೆಸರು ಹಾಕುವ ವಾಡಿಕೆ ಇರಲಿಲ್ಲ. ಸಲೀಂ–ಜಾವೇದ್ ತಾವೇ ಬಣ್ಣಗಾರನೊಬ್ಬನನ್ನು ಗೊತ್ತುಮಾಡಿ, ಊರೆಲ್ಲ ಅಂಟಿಸಿದ್ದ ಭಿತ್ತಿಪತ್ರಗಳ ಮೇಲೆ ತಮ್ಮ ಹೆಸರನ್ನು ಅಚ್ಚೊತ್ತಿಸಿದರು. ತೆರೆಯ ಮೇಲೆ ಬರುವ ಹೆಸರು ಟಿಕೇಟು ಕೊಂಡವನಿಗೆ ಮಾತ್ರ, ಗೋಡೆಯ ಮೇಲಿನದು ಊರಿಗೇ ಎಂಬ ಲೆಕ್ಕ ಅವರದಾಗಿದ್ದಿರಬೇಕು. ಮೂರೂವರೆ ದಶಕಗಳ ಬಳಿಕ, 2009ರ ‘ತ್ರೀ ಈಡಿಯಟ್ಸ್’ನಲ್ಲಿ ಜಗಳ ನಡೆದದ್ದೂ ಸ್ಥಾನದ ಬಗೆಗೇ. ಚೇತನ್ ಭಗತ್ ಅವರ ಕಾದಂಬರಿಯನ್ನು ಆಧರಿಸಿದ್ದೆಂಬ ಸಾಲು ಚಿತ್ರದ ಕೊನೆಯಲ್ಲಿ, ಜನ ಕುರ್ಚಿ ಬಿಟ್ಟೇಳುವ ಹೊತ್ತಿಗೆ ಬಂದಿತೆಂಬುದು ಲೇಖಕರ ದೂರು. ಒಪ್ಪಂದದಲ್ಲಿ ಕೊನೆಯಲ್ಲೆಂದೇ ಇತ್ತು, ಹಾಗೆಯೇ ನಡೆದಿದ್ದೇವೆ ಎಂಬುದು ನಿರ್ಮಾಪಕರ ಉತ್ತರ. ಕಾಗದದ ಮಟ್ಟಿಗೆ ನಿರ್ಮಾಪಕರ ಉತ್ತರವೇ ಗಟ್ಟಿಯಾಗಿತ್ತು. ಸಹಿ ಹಾಕುವ ಹೊತ್ತಿನಲ್ಲಿ ಅಡಕವಾಗಿ ಕಾಣುವ ಒಂದು ಸಾಲು ಮುಂದೆ ಏನು ಮಾಡಬಲ್ಲದೆಂಬುದಕ್ಕೆ ಇದೊಂದು ಪಾಠ.

ಈ ಮೂರನ್ನೂ ನಿರ್ಣಯಿಸುವವರು ಯಾರು? ಅಮೆರಿಕದ ಚಿತ್ರೋದ್ಯಮದಲ್ಲಿ ಚಿತ್ರಕಥೆಯ ಶ್ರೇಯಸ್ಸನ್ನು ಅಂತಿಮವಾಗಿ ನಿರ್ಣಯಿಸುವುದು ನಿರ್ಮಾಪಕರಲ್ಲ, ಬರಹಗಾರರ ಸಂಘ. ತಕರಾರು ಬಂದಾಗ ಸಂಘದ ಮೂವರು ಸದಸ್ಯರು ಎಲ್ಲ ಕರಡುಗಳನ್ನೂ ಓದಿ ತೀರ್ಪು ಕೊಡುತ್ತಾರೆ. ಅವರಾರೆಂಬುದನ್ನು ಗುಟ್ಟಾಗಿ ಇಡಲಾಗುತ್ತದೆ. ಅಲ್ಲಿ ಚಿಹ್ನೆಗೂ ಅರ್ಥವಿದೆ: ಎರಡು ಹೆಸರುಗಳ ನಡುವೆ ‘ಆಂಪರ್‌ಸ್ಯಾಂಡ್’ ಚಿಹ್ನೆ ಇದ್ದರೆ ಅವರು ಜೊತೆಯಾಗಿ ಕುಳಿತು ಬರೆದವರು, ‘ಆ್ಯಂಡ್’ ಎಂಬ ಪದ ಇದ್ದರೆ ಒಬ್ಬರ ಕರಡನ್ನು ಇನ್ನೊಬ್ಬರು ಪ್ರತ್ಯೇಕವಾಗಿ ತಿದ್ದಿ ಬರೆದವರು. ಹಳೆಯ ತಪ್ಪನ್ನೂ ಆ ಸಂಘ ತಿದ್ದಬಲ್ಲದು. ಕಮ್ಯುನಿಸ್ಟರೆಂದು ಕಪ್ಪುಪಟ್ಟಿಗೆ ಸೇರಿದ್ದ ಡಾಲ್ಟನ್ ಟ್ರಂಬೊ 1953ರ ‘ರೋಮನ್ ಹಾಲಿಡೇ’ಯ ಕಥೆ ಬರೆದಾಗ ತೆರೆಯ ಮೇಲೆ ಬಂದದ್ದು ಮಿತ್ರರೊಬ್ಬರ ಹೆಸರು, ಚಿತ್ರಕಥೆಯ ಶ್ರೇಯಸ್ಸಿನಲ್ಲಿ ಟ್ರಂಬೊ ಹೆಸರನ್ನು ಸಂಘ ಮರಳಿ ಸೇರಿಸಿದ್ದು 2011ರಲ್ಲಿ. ಐವತ್ತೆಂಟು ವರ್ಷ ತಡವಾಯಿತು, ಟ್ರಂಬೊ ತೀರಿಕೊಂಡು ದಶಕಗಳಾಗಿದ್ದವು. ಆದರೂ ತಿದ್ದುವ ಅಧಿಕಾರವಿರುವ ಒಂದು ಪೀಠ ಅಲ್ಲಿತ್ತು.

ಭಾರತದಲ್ಲಿ ಹೆಚ್ಚಿನದು ನಿಂತಿರುವುದು ಒಪ್ಪಂದದ ಮೇಲೆ, ರೂಢಿಯ ಮೇಲೆ, ನಿರ್ಮಾಪಕರ ಸೌಜನ್ಯದ ಮೇಲೆ. ಕಾನೂನಿನ ಆಸರೆ ಎಲ್ಲರಿಗೂ ಸಮನಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಂ ಪ್ರಕಾರ ಕೃತಿಯ ಹಕ್ಕನ್ನು ಮಾರಿದ ಮೇಲೂ ‘ಇದರ ಕರ್ತೃ ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿನಲ್ಲಿಯೇ ಉಳಿಯುತ್ತದೆ. ಆದರೆ ಕರ್ತೃ ಯಾರು? ಕವಿತೆಗೆ ಕವಿ, ಸಂಗೀತಕ್ಕೆ ಸಂಗೀತಕಾರ, ಚಲನಚಿತ್ರಕ್ಕೆ ನಿರ್ಮಾಪಕ. ನಿರ್ದೇಶಕರನ್ನು ಸಹಕರ್ತೃವೆಂದು ಸೇರಿಸುವ ಸೂಚನೆ 2012ರ ತಿದ್ದುಪಡಿಗೆ ಮುನ್ನ ಮಸೂದೆಯಲ್ಲಿತ್ತು. ಕಾಯ್ದೆಯಾಗುವಾಗ ಅದನ್ನು ಕೈಬಿಡಲಾಯಿತು. ಹೀಗಾಗಿ ಚಿತ್ರಕಥೆ, ಸಂಭಾಷಣೆ, ಗೀತೆ ಬರೆದವರು ತಮ್ಮ ಬರಹದ ಕರ್ತೃಗಳಾಗಿ 57ನೆಯ ಕಲಮನ್ನು ಹಿಡಿಯಬಲ್ಲರು. ಇಡೀ ಚಿತ್ರಕ್ಕೆ ಲಯ ಕೊಟ್ಟ ಸಂಕಲನಕಾರರು, ಬೆಳಕು ಕೊಟ್ಟ ಛಾಯಾಗ್ರಾಹಕರು ಆ ಚಿತ್ರದ ಕರ್ತೃಗಳೆನಿಸುವುದಿಲ್ಲ. ಅವರಿಗೆ ಒಪ್ಪಂದಪತ್ರವೇ ಗತಿ.

ಅದೇ ಕಾಯ್ದೆಯ 55ನೆಯ ಕಲಂ ಇನ್ನೊಂದು ಮಾತು ಹೇಳುತ್ತದೆ: ಕೃತಿಯ ಪ್ರತಿಗಳ ಮೇಲೆ ಯಾರ ಹೆಸರು ಕರ್ತೃವೆಂದು ಬಂದಿದೆಯೋ, ಕೃತಿಚೌರ್ಯದ ವ್ಯಾಜ್ಯದಲ್ಲಿ ಅವರೇ ಕರ್ತೃವೆಂದು ಮೊದಲು ಭಾವಿಸತಕ್ಕದ್ದು, ಅಲ್ಲವೆನ್ನುವವರು ಸಾಬೀತುಪಡಿಸಬೇಕು. ಎಂದರೆ ಹೆಸರುಪಟ್ಟಿ ಗೌರವದ ಮಾತಷ್ಟೇ ಅಲ್ಲ, ಪುರಾವೆಯೂ ಹೌದು. ಹೆಸರು ಬಿಟ್ಟುಹೋದವರ ತಲೆಯ ಮೇಲೆ ಸಾಬೀತಿನ ಹೊರೆ ಬೀಳುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದದ್ದು 2012ರಲ್ಲಿ ‘ಪ್ರದರ್ಶಕ’ ಎಂಬ ಪದದ ವ್ಯಾಖ್ಯೆಗೆ ಸೇರಿದ ಷರತ್ತು. ನಟರು, ಗಾಯಕರು ಮೊದಲಾದ ಪ್ರದರ್ಶಕರಿಗೆ ತಮ್ಮನ್ನು ಹೆಸರಿಸಬೇಕೆಂದು ಕೇಳುವ ಹಕ್ಕನ್ನು ಆ ತಿದ್ದುಪಡಿ ಕೊಟ್ಟಿತು. ಆದರೆ ಚಿತ್ರದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ, ಉದ್ಯಮದ ರೂಢಿಯಂತೆ ಹೆಸರುಪಟ್ಟಿಯಲ್ಲಿ ಎಲ್ಲಿಯೂ ಕಾಣಿಸದ ವ್ಯಕ್ತಿಯನ್ನು ಪ್ರದರ್ಶಕನೆಂದು ಎಣಿಸತಕ್ಕದ್ದಲ್ಲ; ತನ್ನ ಅಭಿನಯವನ್ನು ಮಾನಹಾನಿಯಾಗುವಂತೆ ವಿಕೃತಗೊಳಿಸಿದರೆ ಆಕ್ಷೇಪಿಸುವುದಷ್ಟು ಅವನಿಗೆ ಉಳಿಯುತ್ತದೆ. ಜಾತ್ರೆಯ ದೃಶ್ಯದಲ್ಲಿ ದಿನವಿಡೀ ಬಿಸಿಲಲ್ಲಿ ನಿಂತ ಜೂನಿಯರ್ ಕಲಾವಿದರ ಸ್ಥಿತಿಯನ್ನು ಇದರಿಂದ ಊಹಿಸಬಹುದು. ಹೆಸರು ಹಾಕುವ ರೂಢಿ ಇಲ್ಲ, ಆದ್ದರಿಂದ ಹೆಸರು ಕೇಳುವ ಹಕ್ಕೂ ಇಲ್ಲ. ತರ್ಕ ತನ್ನ ಬಾಲವನ್ನು ತಾನೇ ಹಿಡಿದು ಸುತ್ತುತ್ತದೆ.

ಕಿರುತೆರೆಯಲ್ಲಿ ಹೆಸರುಪಟ್ಟಿ ಓದಲು ಸಿಗುವುದೇ ಅಪರೂಪ. ದೈನಿಕ ಧಾರಾವಾಹಿಯ ಕೊನೆಯಲ್ಲಿ ಹೆಸರುಗಳು ಕಣ್ಣು ಹಿಡಿಯಲಾರದ ವೇಗದಲ್ಲಿ ಓಡುತ್ತವೆ. ಇಲ್ಲವೇ ಮೂಲೆಗೆ ಸರಿದು ಮುಂದಿನ ಕಾರ್ಯಕ್ರಮದ ಜಾಹೀರಾತಿಗೆ ಜಾಗ ಬಿಡುತ್ತವೆ. ಒಟಿಟಿ ವೇದಿಕೆಗಳಲ್ಲಿ ಆರಂಭದ ಪಟ್ಟಿಗೆ ‘ಸ್ಕಿಪ್’ ಗುಂಡಿ ಇದೆ; ಕೊನೆಯ ಪಟ್ಟಿ ಸಣ್ಣ ಚೌಕದೊಳಗೆ ಕುಗ್ಗುವಾಗಲೇ ಮುಂದಿನ ಕಂತಿನ ಎಣಿಕೆ ಶುರುವಾಗಿರುತ್ತದೆ. ಹೆಸರು ದಾಖಲೆಯಲ್ಲಿದೆ, ಕಣ್ಣಿಗಿಲ್ಲ.

ಕನ್ನಡ ಓದಿದವರನ್ನು ಈ ವಿಷಯ ನೇರವಾಗಿ ತಟ್ಟುವುದು ಡಬ್ಬಿಂಗ್ ಮತ್ತು ಉಪಶೀರ್ಷಿಕೆಯ ಕ್ಷೇತ್ರದಲ್ಲಿ. ಕನ್ನಡಕ್ಕೆ ಡಬ್ಬಿಂಗ್ ಮಾಡದಂತೆ ಚಿತ್ರರಂಗದ ಸಂಸ್ಥೆಗಳು ಒಡ್ಡಿದ್ದ ತಡೆಯನ್ನು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಸ್ಪರ್ಧಾವಿರೋಧಿಯೆಂದು ಘೋಷಿಸಿತು. 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದ ದನಿಯಲ್ಲಿ ಮನೆಮನೆಗೆ ಬಂದಿತು. ಅಂದಿನಿಂದ ಇಂಥ ಬರಹದ ಬೇಡಿಕೆ ಬೆಳೆದಿದೆ. ಮರಾಠಿ, ತೆಲುಗು, ತಮಿಳು, ಮಲಯಾಳಗಳ ನಡುವೆ ಬೆಳೆದ ಗಡಿನಾಡಿನ ಕನ್ನಡಿಗರಿಗೆ ಇದರಲ್ಲಿ ಹುಟ್ಟಿನಿಂದ ಬಂದ ಅನುಕೂಲವೂ ಉಂಟು. ಈ ಬರಹ ಬರಿಯ ಭಾಷಾಂತರವಲ್ಲ. ಮರಾಠಿಯ ‘ಕಾಮ್’ ಎಂಬ ಪದ ಮುಗಿಯುವಾಗ ನಟನ ತುಟಿ ಮುಚ್ಚಿರುತ್ತದೆ. ಕನ್ನಡದ ‘ಕೆಲಸ’ ಬಾಯಿ ತೆರೆದೇ ನಿಲ್ಲುತ್ತದೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಂತವಾದ್ದರಿಂದ ಈ ತೊಡಕು ವಾಕ್ಯವಾಕ್ಯದಲ್ಲಿಯೂ ಎದುರಾಗುತ್ತದೆ. ಪವರ್ಗದ ಅಕ್ಷರ ಎಲ್ಲಿ ಬೀಳಬೇಕು, ಎಷ್ಟು ಮಾತ್ರೆಯಲ್ಲಿ ಮಾತು ಮುಗಿಯಬೇಕು ಎಂದು ಅಳೆದು ಬರೆಯುವವರು ಛಂದಸ್ಸು ತಿಳಿದವರ ಕೆಲಸವನ್ನೇ ಮಾಡುತ್ತಾರೆ.

ಆ ಕೆಲಸಕ್ಕೆ ತೆರೆಯ ಮೇಲೆ ಯಾವ ಹೆಸರು? ‘ಕನ್ನಡ ಸಂಭಾಷಣೆ’ ಎಂದೋ ‘ಅನುವಾದ’ ಎಂದೋ ನಮೂದಾದರೆ ಬರೆದವರು ಸಾಹಿತ್ಯಕೃತಿಯೊಂದರ ಕರ್ತೃವೆಂದು ತೋರಿಸಿಕೊಳ್ಳಬಲ್ಲರು, ಏಕೆಂದರೆ ಸ್ವಂತ ಶ್ರಮದ ಅನುವಾದವೂ ಕಾನೂನಿನ ಕಣ್ಣಿಗೆ ಕೃತಿಯೇ. ‘ಡಬ್ಬಿಂಗ್ ಸಹಾಯ’ ಎಂದು ನಮೂದಾದರೆ ಗೋವೆಯ ಆ ಸ್ವರಲಿಪಿಕಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮುನ್ನ ಒಪ್ಪಂದದಲ್ಲಿ ಹೆಸರಿನ ಕಾಗುಣಿತ, ಕೆಲಸಕ್ಕೆ ಬಳಸುವ ಪದ, ಅದು ಕಾಣಿಸಿಕೊಳ್ಳುವ ಸ್ಥಾನ, ದೂರದರ್ಶನಕ್ಕೂ ಒಟಿಟಿಗೂ ಹೋಗುವ ಎಲ್ಲ ಆವೃತ್ತಿಗಳಿಗೆ ಅ​ದು ಅನ್ವಯಿಸುತ್ತದೆಂಬ ಮಾತು ಇವಿಷ್ಟನ್ನು ಬರೆಸಿಕೊಳ್ಳಬೇಕು. ಬಾಯಿಮಾತಿನ ಒಪ್ಪಂದವಾದಲ್ಲಿ ಪ್ರತಿ ಕರಡನ್ನೂ ದಿನಾಂಕ ಉಳಿಯುವಂತೆ ಇ-ಮೇಲ್‌ನಲ್ಲಿ ಕಳುಹಿಸಿ ಪ್ರತಿ ಇಟ್ಟುಕೊಳ್ಳುವುದು ಲೇಸು. 55ನೆಯ ಕಲಂ ಹೊರಿಸುವ ಸಾಬೀತಿನ ಹೊರೆಯನ್ನು ಹೊರಬೇಕಾಗಿ ಬಂದರೆ ಕೈಯಲ್ಲಿ ಉಳಿಯುವ ಪುರಾವೆ ಆ ಕರಡುಗಳೇ.